ನಾಲ್ಕು ಕೈಯ ಕೋಟು

ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಕೋಟಿನ ಮಷೀನಿನ ಮುಂದೆ ಕೂರಬೇಕೆಂದರೆ ಮೊದಲು ನನ್ನ ಅಳತೆಗೆ ಒಂದು ಕೋಟು ಹೊಲಿದು ತೋರಿಸಬೇಕು. ಬಟ್ಟೆ ಕತ್ತರಿಸಿ ಕೊಡುವವನು ನಾನು. ಅಲ್ಲಿಂದ ಮುಂದೆ, ಮೊದಲ ಕಚ್ಚಾ ಹೊಲಿಗೆಯಿಂದ ಕೊನೆಯ ಗುಂಡಿಯವರೆಗೆ, ಒಬ್ಬರದೇ ಕೈ. ಬೇರೆ ಯಾರೂ ಒಂದೆಳೆ ನೂಲು ಮುಟ್ಟುವಂತಿಲ್ಲ. ನನಗೆ ಒಪ್ಪಿಗೆಯಾದರೆ ಆ ಚಳಿಗಾಲವೆಲ್ಲ ಅದನ್ನೇ ತೊಟ್ಟು ಓಡಾಡುತ್ತೇನೆ. ಹೊಲಿದವರಿಗೆ ಅದೇ ಸರ್ಟಿಫಿಕೇಟು. ನನ್ನ ಬೀರುವಿನಲ್ಲಿ ಅಂಥ ಐದು ಕೋಟುಗಳಿದ್ದವು. ಅವುಗಳಲ್ಲೊಂದು ಇವತ್ತಿಗೂ ಕಂಕುಳಲ್ಲಿ ಹಿಡಿಯುತ್ತದೆ. ಅದನ್ನು ಹೊಲಿದವನು ನನ್ನ ಬಾಮೈದ; ಹೆಂಡತಿಯ ಮುಖ ನೋಡಿ ಪಾಸು ಮಾಡಿದ್ದು.

ಇದು ಆರನೆಯ ಕೋಟಿನ ಕತೆ. ಅದನ್ನು ಹೊಲಿದವಳನ್ನು ಅಂಗಡಿಯಲ್ಲಿ ಎಲ್ಲರೂ ಕಾಜಾ ಎನ್ನುತ್ತೇವೆ, ಏಕೆಂದರೆ ಅವಳು ಬಂದದ್ದೇ ಗುಂಡಿ ತೂರುವ ಸೀಳಿಗೆ ಅಂಚು ಕಟ್ಟುವ, ಅಂದರೆ ಕಾಜಾ ಹಾಕುವ, ಕೆಲಸಕ್ಕೆ. ಮೂವತ್ತು ದಾಟಿದ ಹೆಂಗಸು, ತೆಳ್ಳಗೆ, ಮಾತು ಕಡಿಮೆ. ಬಟ್ಟೆಯ ಒಂದು ತುಂಡಿನ ಮೇಲೆ ಹನ್ನೆರಡು ಕಾಜಾ ಹಾಕಿ ತಂದು ನನ್ನ ಮೇಜಿನ ಮೇಲಿಟ್ಟಳು. ಭೂತಗನ್ನಡಿ ಹಿಡಿದು ನೋಡಿದೆ. ಅಂಚಿನ ಗಂಟುಗಳು ಒಂದೂ ಹೆಚ್ಚು ಕಡಿಮೆಯಿಲ್ಲದೆ ಸಾಲಾಗಿ ಕೂತಿದ್ದವು. "ಹೂಂ" ಎಂದೆ. ನನ್ನ ಒಂದು ಹೂಂ ಬೇರೆಯವರ ಅರ್ಧ ಗಂಟೆಯ ಭಾಷಣಕ್ಕೆ ಸಮ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ.

"ಮುಂದೆ ಏನ್ ಮಾಡ್ಬೇಕು ಅಂತಿದ್ದೀಯಮ್ಮ?" ಎಂದು ಕೇಳಿದೆ. ಬಂದವರನ್ನೆಲ್ಲ ಕೇಳುವ ಪ್ರಶ್ನೆ ಅದು.

"ಇಡೀ ಕೋಟು ಹೊಲೀಬೇಕು ಮಾಸ್ಟ್ರೇ," ಎಂದಳು. "ಒಂದಾದ್ರೂ ಸಾಕು. ಶುರು ಮಾಡಿದ್ದನ್ನ ಕೊನೇ ತನಕ ನಾನೇ ಮುಗಿಸ್ದೆ ಅನ್ನೋ ಹಾಗೆ ಒಂದು ಬೇಕು ನಂಗೆ. ಇಲ್ಲೀವರೆಗೂ ಅಂಥದ್ದು ಒಂದೂ ಇಲ್ಲ."

ಕೆಲಸ ಕೇಳಲು ಬಂದವರು ಹೀಗೆ ಮಾತಾಡುವುದಿಲ್ಲ. ಸ್ವಲ್ಪ ವಿಚಿತ್ರ ಅನಿಸಿತು. ಆದರೆ ಕಾಜಾ ಚೆನ್ನಾಗಿತ್ತು, ಸೇರಿಸಿಕೊಂಡೆ.

ಕಾಜಾ ಕೆಲಸವನ್ನು ಮನೆಗೆ ಒಯ್ದು ಮಾಡಿ ತರುವುದು ನಮ್ಮಲ್ಲಿ ವಾಡಿಕೆ. ಎರಡನೆಯ ತಿಂಗಳು ಅವಳು ತಂದುಕೊಟ್ಟ ಒಂದು ಕಪ್ಪು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದವನು ಹಾಗೇ ನಿಂತುಬಿಟ್ಟೆ. ಮುಂಭಾಗದಲ್ಲಿ ಮೂರು ಕಾಜಾ. ಮೊದಲನೆಯದು ಅವಳದೇ, ಅನುಮಾನವಿಲ್ಲ. ಎರಡನೆಯದರ ಗಂಟುಗಳು ಉಲ್ಟಾ ವಾಲಿದ್ದವು. ಎಡಗೈಯಲ್ಲಿ ಸೂಜಿ ಹಿಡಿಯುವವರು ಹಾಕಿದರೆ ಮಾತ್ರ ಹಾಗೆ ಬರುತ್ತದೆ. ಮೂರನೆಯದನ್ನು ಯಾರೋ ಪೂರ್ತಿ ಬಿಚ್ಚಿ ಮತ್ತೆ ಹಾಕಿದ್ದರು. ಹೊಲಿಗೆ ಉಗುರು ಹಾಕಿದರೂ ಜಗ್ಗದಷ್ಟು ಬಿಗಿ. ಕೆಲವರು ಕೈಬರಹ ಗುರುತು ಹಿಡಿಯುತ್ತಾರೆ, ನಾನು ಕೈಹೊಲಿಗೆ ಗುರುತು ಹಿಡಿಯುತ್ತೇನೆ. ಒಂದೇ ಕೋಟಿನ ಮೇಲೆ ಮೂರು ಜನರ ಕೈ.

ಕೆಲಸ ಒಯ್ದು ಹೊರಗಿನವರಿಗೆ ಹಂಚುವುದು ನಮ್ಮ ಕಸುಬಿನಲ್ಲಿ ಕಳ್ಳತನವೇ. ನನಗೋ ಕೋಪ ಮೂಗಿನ ತುದಿಯಲ್ಲಿ. ಗಿರಾಕಿಗಳಿದ್ದಾರೆ ಎಂಬುದನ್ನೂ ನೋಡದೆ ಬಾಯಿಗೆ ಬಂದ ಹಾಗೆ ಬೈದೆ.

"ಯಾರ್ಯಾರಿಗೆ ಕೊಟ್ಟೆ, ಹೇಳು. ಈ ಎಡಗೈಯವರು ಯಾರು?"

ಅವಳು ಕೋಟನ್ನು ಕೈಗೆ ತೆಗೆದುಕೊಂಡು ಎರಡನೆಯ ಕಾಜಾವನ್ನು ನನಗಿಂತ ಹೆಚ್ಚು ಆಶ್ಚರ್ಯದಿಂದ ನೋಡಿದಳು. ಬೇರೆಯವರಾಗಿದ್ದರೆ ಆಣೆ ಪ್ರಮಾಣ ಶುರು ಮಾಡುತ್ತಿದ್ದರು. ಇವಳು ಅದರ ಗಂಟುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ, "ಹೊರಗಿನವರಿಗೆ ಕೊಟ್ಟಿಲ್ಲ ಮಾಸ್ಟ್ರೇ," ಎಂದಳು. "ಆದ್ರೆ ನಾನೊಬ್ಬಳೇ ಹಾಕಿದ್ದು ಅಂತಾನೂ ಹೇಳೋಕಾಗಲ್ಲ."

"ಒಗಟು ಹೇಳ್ಬೇಡ. ನಾಳೆಯಿಂದ ಇಲ್ಲೇ, ನನ್ನ ಕಣ್ಣೆದುರಿಗೆ ಕೂತು ಹಾಕು."

ಕೂತಳು. ನನ್ನ ಕಟಿಂಗ್ ಮೇಜಿನ ಎದುರಿಗೆ, ಗೋಡೆಗೆ ಬೆನ್ನು ಹಾಕಿ, ಬಾಗಿಲು ಕಾಣುವ ಹಾಗೆ ಸ್ಟೂಲು ಎಳೆದುಕೊಂಡು. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಊಟವಾದ ಮೇಲೆ ಕೌಂಟರಿನಲ್ಲಿದ್ದ ನನ್ನ ಹೆಂಡತಿ ಕಣ್ಣಲ್ಲೇ ಸನ್ನೆ ಮಾಡಿದಳು. ತಿರುಗಿ ನೋಡಿದೆ. ಸೂಜಿ ಎಡಗೈಯಲ್ಲಿತ್ತು. ಅಷ್ಟೇ ಅಲ್ಲ, ಕೂತ ಭಂಗಿಯೇ ಬೇರೆ. ಬೆಳಿಗ್ಗೆ ಮುದುಡಿಕೊಂಡಿದ್ದ ಭುಜಗಳು ಸಡಿಲವಾಗಿ ಇಳಿದಿದ್ದವು, ಒಂದು ಕಾಲು ಸ್ಟೂಲಿನ ಮೇಲೆ ಮಡಿಚಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ತಲೆಯೆತ್ತಿ, "ಈ ಬೆಳಕಲ್ಲಿ ಕಪ್ಪು ಬಟ್ಟೆ ಕೊಟ್ಟಿದ್ದೀರಲ್ಲ ಮಾಸ್ಟ್ರೇ, ನಮ್ಗೇನು ಕಣ್ಣು ಬಾಡಿಗೆಗೆ ಸಿಗುತ್ತಾ?" ಎಂದಳು. ದನಿ ಜೋರಾಗಿತ್ತು, ನಗುವೂ ಇತ್ತು. ಎರಡು ತಿಂಗಳಲ್ಲಿ ಕಾಜಾಳ ಬಾಯಿಂದ ಅಂಥ ಒಂದು ಮಾತು ಬಂದಿರಲಿಲ್ಲ. ನನ್ನ ಕತ್ತರಿ ಬಟ್ಟೆಯ ನಡುವೆ ನಿಂತುಹೋಯಿತು.

ಮರುದಿನ ಅವಳೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ತಾನು ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗುತ್ತಿರುವುದು, ತನ್ನ ಗಂಟೆಗಳು ಕಾಣೆಯಾಗುವುದು, ಮಾಡಿದ ನೆನಪಿಲ್ಲದ ಕೆಲಸ ಮುಗಿದು ಮಡಿಲಲ್ಲಿ ಕೂತಿರುವುದು. ಹಿಂದಿನ ಏಳು ಕಡೆ ಇದೇ ಕಾರಣಕ್ಕೆ ಕೆಲಸದಿಂದ ತೆಗೆದಿದ್ದರು. ಒಬ್ಬರು ಸುಳ್ಳಿ ಅಂದರು, ಒಬ್ಬರು ನಾಟಕ ಅಂದರು. "ನೀವೂ ಕಳಿಸೋದಾದ್ರೆ ಈಗ್ಲೇ ಹೇಳಿ ಮಾಸ್ಟ್ರೇ, ಕೋಟಿನ ಆಸೆ ಬಲಿಯೋಕೆ ಮುಂಚೆ," ಎಂದಳು. ನನ್ನ ಹೆಂಡತಿ, "ಡಾಕ್ಟ್ರನ್ನ ನಾವೂ ನೋಡ್ಬಹುದಾ?" ಎಂದು ಕೇಳಿದಳು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಡಾಕ್ಟರಮ್ಮನ ಕೋಣೆ ಔಷಧಿ ಅಂಗಡಿಯ ಮೇಲಿತ್ತು. ನಾಲ್ಕು ಕುರ್ಚಿ, ಒಂದು ಕಿಟಕಿ, ಸದಾ ತೆರೆದಿಟ್ಟ ಬಾಗಿಲು. ಕಾಜಾ ನಮ್ಮ ಪಕ್ಕದಲ್ಲೇ ಕೂತು, "ನೀವೇ ಹೇಳಿ ಡಾಕ್ಟ್ರೇ, ನಂಗೆ ಬಾಯಿ ಬರಲ್ಲ" ಎಂದಳು. ಆ ಕಾಯಿಲೆಗೆ ಉದ್ದನೆಯ ಹೆಸರಿದೆ, ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ. ಹೆಸರು ಬಿಡಿ, ಡಾಕ್ಟರಮ್ಮ ಹೇಳಿದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ.

"ಚಿಕ್ಕ ಮಕ್ಕಳ ಮನಸ್ಸು ಹುಟ್ತಾನೇ ಒಂದಾಗಿರಲ್ಲ. ಬೆಳೀತಾ ಬೆಳೀತಾ ಒಂದಾಗತ್ತೆ. ಇವರಿಗೆ ಐದಾರು ವರ್ಷ ಇದ್ದಾಗಿಂದ ಮನೆಯೊಳಗೇ, ನಂಬಬೇಕಾದ ದೊಡ್ಡವನೊಬ್ಬನಿಂದ, ವರ್ಷಗಟ್ಟಲೆ ಹಿಂಸೆ ಆಯ್ತು. ಒಂದು ಮಗು ಅಷ್ಟನ್ನೂ ಹೊತ್ಕೊಂಡು ಬದುಕೋಕಾಗಲ್ಲ. ಅದಕ್ಕೆ ಮನಸ್ಸು ಹಂಚಿಕೊಳ್ತು. ಬೆಳಿಗ್ಗೆ ಎದ್ದು ಶಾಲೆಗೆ ಹೋಗೋಳು ಒಬ್ಬಳು. ನಗ್ತಾ ಇರೋಳು ಒಬ್ಬಳು. ಕಾವಲು ಕಾಯೋಳು ಒಬ್ಬಳು. ನೋವನ್ನ ಬಚ್ಚಿಟ್ಕೊಂಡು ಅಲ್ಲೇ ಉಳಿದುಬಿಟ್ಟ ಚಿಕ್ಕೋಳು ಒಬ್ಬಳು."

"ಇದ್ರಲ್ಲಿ ನಿಜವಾದವಳು ಯಾರು?" ಎಂದು ಕೇಳಿದೆ. ಹೆಂಡತಿ ಮೊಣಕೈಯಲ್ಲಿ ತಿವಿದಳು.

"ಎಲ್ಲರೂ ಇವರೇ. ಇರೋದು ಒಬ್ಬರೇ ಮನುಷ್ಯರು."

"ಹಾಗಾದ್ರೆ ತುಂಡುಗಳನ್ನ ಸೇರಿಸಿ ಹೊಲಿದುಬಿಟ್ರೆ ಆಯ್ತಲ್ಲ?"

ಡಾಕ್ಟರಮ್ಮ ನಕ್ಕರು. "ಸದ್ಯ, ನಿಮ್ಮ ಕೈಗೆ ಸೂಜಿ ಕೊಡಲ್ಲ ನಾನು. ಮೊದಲು ಅವರಿಗೆ ಒಬ್ಬರಿಗೊಬ್ಬರ ಪರಿಚಯ ಆಗ್ಬೇಕು, ನಂಬಿಕೆ ಬರ್ಬೇಕು. ಆಮೇಲೆ ಒಂದಾಗ್ತಾರೋ, ಜೊತೆಯಲ್ಲಿ ಹೊಂದಿಕೊಂಡಿರ್ತಾರೋ, ಅದು ಅವರಿಗೇ ಬಿಟ್ಟಿದ್ದು."

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ನನ್ನ ತಲೆ ಅಲ್ಲೇ ಇತ್ತು. ಐದಾರು ವರ್ಷದ ಮಗು. ಆ ವಯಸ್ಸಿನಲ್ಲಿ ನನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆ ಮಗು ಯಾರ ಸಹಾಯವೂ ಇಲ್ಲದೆ, ಯಾರಿಗೂ ಗೊತ್ತಾಗದ ಹಾಗೆ, ತನ್ನನ್ನು ತಾನೇ ಉಳಿಸಿಕೊಳ್ಳುವ ಒಂದು ಉಪಾಯ ಕಂಡುಹಿಡಿದಿತ್ತು. ಅಂಥ ಕೈಚಳಕ ನಾನು ನನ್ನ ಕಸುಬಿನಲ್ಲಿ ಕಂಡಿಲ್ಲ, ಬೇರೆ ಯಾರ ಕಸುಬಿನಲ್ಲೂ ಕೇಳಿಲ್ಲ. ಅದುವರೆಗೆ ಅವಳ ಮೇಲೆ ನನಗಿದ್ದದ್ದು ಅನುಮಾನ, ಆಮೇಲೆ ಕನಿಕರ ಬರಬೇಕಾಗಿತ್ತೇನೋ. ಬಂದದ್ದು ಕನಿಕರವಲ್ಲ, ಗೌರವ.

ಕೆಲಸ ಉಳಿಯಿತು. ಆದರೆ ಕೋಟು? ಒಂದು ಕೋಟು ಹೊಲಿಯಲು ನಮ್ಮಲ್ಲಿ ಮೂರು ವಾರ ಬೇಕು. ಕಾಜಾ ಮೂರು ವಾರ ಕಾಜಾಳಾಗಿಯೇ ಇದ್ದ ದಾಖಲೆಯಿಲ್ಲ. ಬೆಳಿಗ್ಗೆ ಜೇಬಿನ ಒಂದು ಮಗ್ಗುಲು ಹೊಲಿದಿಟ್ಟರೆ ಮಧ್ಯಾಹ್ನ ಬಂದವಳಿಗೆ ಅದು ಎಲ್ಲಿಗೆ ಬಂದಿದೆ ಎಂದೇ ತಿಳಿಯುತ್ತಿರಲಿಲ್ಲ. ಇದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ಉಪಾಯ, ದೊಡ್ಡ ಕಾರ್ಖಾನೆಯಲ್ಲಿ ಎರಡು ಪಾಳಿಯಲ್ಲಿ ದುಡಿಯುವಾಗ ಕಲಿತದ್ದು. ಕೈಬಿಡುವ ಮೊದಲು ಸೂಜಿಯನ್ನು ಅಲ್ಲೇ ಬಟ್ಟೆಗೆ ಚುಚ್ಚಿಡಬೇಕು. ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಗುರುತು, ಮುಂದಿನ ಹೊಲಿಗೆ ಎತ್ತ ಹೋಗಬೇಕು ಅಂತ. ಅದನ್ನೇ ಅವಳಿಗೆ ಹೇಳಿಕೊಟ್ಟೆ. ಬಲಗೈಯವಳು ಗುರುತು ಹಾಕಿದಳು, ಎಡಗೈಯವಳು ಅದನ್ನು ನೋಡಿ ಮುಂದುವರಿಸಿದಳು, ಪಕ್ಕದಲ್ಲಿ ತನ್ನದೊಂದು ಗುರುತು ಬಿಟ್ಟಳು. ಒಮ್ಮೆ ಸೀಮೆಸುಣ್ಣದಲ್ಲಿ ಒಂದು ಸಣ್ಣ ನಗುಮುಖವೂ ಇತ್ತು. ಅದನ್ನು ನೋಡಿ ಕಾಜಾ ಅತ್ತಳು, ಆಮೇಲೆ ನಕ್ಕಳು. ತನ್ನೊಳಗಿನವರಿಂದ ಅವಳಿಗೆ ಬಂದ ಮೊದಲ ಕಾಗದ ಅದು. "ಆರು ತಿಂಗಳಿಂದ ನಾನು ಬಾಯಲ್ಲಿ ಹೇಳ್ತಿದ್ದದ್ದನ್ನ ನೀವು ಸೀಮೆಸುಣ್ಣದಲ್ಲಿ ಮಾಡಿಸಿದ್ರಿ" ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಆ ದಿನ ನಾನು ಅಂಗಡಿಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ ಎಂದು ನನ್ನ ಹೆಂಡತಿಯ ಆರೋಪ.

ಹೀಗೆ ಸಣ್ಣಪುಟ್ಟ ಕೆಲಸಗಳಲ್ಲಿ ಕೈ ಪಳಗಿದ ಮೇಲೆ, ನಾಲ್ಕನೆಯ ವರ್ಷ ಅವಳಿಗೆ ಕೋಟು ಕತ್ತರಿಸಿಕೊಟ್ಟೆ, ಬೂದು ಬಣ್ಣದ ಉಣ್ಣೆ. ಹದಿನೆಂಟು ದಿನ ಎಲ್ಲ ಸುಸೂತ್ರ. ಎರಡೂ ತೋಳು ಕೂರಿಸಿದ ದಿನ ಸಂಜೆ ನಾನು ಅದನ್ನು ಗೊಂಬೆಗೆ ತೊಡಿಸಿ ಸುತ್ತ ಬಂದು ನೋಡಿದೆ. ತೋಳು ಕೂರಿಸುವುದು ಕೋಟಿನಲ್ಲಿ ಎಲ್ಲಕ್ಕಿಂತ ಕಷ್ಟ. ಭುಜದಲ್ಲಿ ಒಂದು ಸುಕ್ಕಿರಲಿಲ್ಲ. "ಭೇಷ್" ಎಂದುಬಿಟ್ಟೆ. ಹೆಂಡತಿ ಕೌಂಟರಿನಿಂದ ತಲೆ ಹೊರಹಾಕಿ ನೋಡಿದಳು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಮಾತು ಅವಳ ಕಿವಿಗೆ ಬಿದ್ದದ್ದು ಅದು ಎರಡನೆಯ ಸಲವಂತೆ. ಮೊದಲನೆಯದು ಯಾವುದೋ ಇಸ್ತ್ರಿ ಪೆಟ್ಟಿಗೆಯ ಬಗ್ಗೆ.

ಮರುದಿನ ಬೆಳಿಗ್ಗೆ ಬಂದರೆ ಗೊಂಬೆ ಬರಿಮೈಯಲ್ಲಿ ನಿಂತಿತ್ತು. ಕೋಟು ಮೇಜಿನ ಮೇಲೆ ತುಂಡು ತುಂಡಾಗಿ, ಮಡಿಚಿ ಜೋಡಿಸಿಟ್ಟಿತ್ತು. ತೋಳು ಬೇರೆ, ಬೆನ್ನು ಬೇರೆ, ಕಾಲರು ಬೇರೆ. ನಾನು ಕತ್ತರಿಸಿಕೊಟ್ಟ ದಿನ ಹೇಗಿತ್ತೋ ಹಾಗೆ. ಕಾಜಾ ಅದರ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಯಾರು ಬಿಚ್ಚಿದ್ದೆಂದು ಅವಳಿಗೂ ಗೊತ್ತಿಲ್ಲ. ನನ್ನ ತಾಳ್ಮೆ ತಪ್ಪಿತು. ಅಳತೆಗೋಲನ್ನು ಮೇಜಿಗೆ ಬಡಿದು, ಹದಿನೆಂಟು ದಿನದ ಕೆಲಸ ನೀರಲ್ಲಿ ಹೋಯಿತೆಂದು ಕೂಗಾಡಿದೆ.

ಎರಡನೆಯ ಸಲ ಅಳತೆಗೋಲು ಬಡಿಯುವಷ್ಟರಲ್ಲಿ ಎದುರಿಗೆ ಯಾರೂ ಇರಲಿಲ್ಲ. ಅವಳು ಕಟಿಂಗ್ ಮೇಜಿನ ಕೆಳಗಿದ್ದಳು, ಚೂರು ಬಟ್ಟೆಯ ಬುಟ್ಟಿಯ ಹಿಂದೆ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು. ಮೂವತ್ತೈದರ ಹೆಂಗಸು ಅಷ್ಟು ಸಣ್ಣ ಜಾಗದಲ್ಲಿ ಹೇಗೆ ಹಿಡಿಸಿದಳೋ. ಒಳಗಿನಿಂದ ಪುಟ್ಟ ಮಗುವಿನ ದನಿ ಬಂತು.

"ಹೊಡೀತಾರಾ?"

ಅಳತೆಗೋಲು ನನ್ನ ಕೈಯಿಂದ ತಾನಾಗಿ ಜಾರಿತು. ನನ್ನ ಹೆಂಡತಿ ಬಂದು ನೆಲದ ಮೇಲೆ, ಮೇಜಿನಿಂದ ಸ್ವಲ್ಪ ದೂರದಲ್ಲೇ ಕೂತಳು. ಮುಟ್ಟಲು ಹೋಗಲಿಲ್ಲ. "ಇಲ್ಲ ಪುಟ್ಟಿ, ಯಾರೂ ಹೊಡೆಯಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ರೀ, ಬಾಗಿಲು ಬಿಟ್ಟು ಈ ಕಡೆ ಬನ್ನಿ. ಅವಳಿಗೆ ಹೊರಗೆ ಹೋಗೋ ದಾರಿ ಕಾಣ್ಬೇಕು," ಎಂದಳು. ಸರಿದು ನಿಂತೆ. ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಬೈಗುಳ ನಿಂತಿತು ಎಂದೇನಲ್ಲ. ಪಿಸುಮಾತಿನಲ್ಲಿ ಬೈಯುವುದನ್ನು ಕಲಿತೆ. ಅದು ಎಷ್ಟು ಕಷ್ಟವೆಂದು ಬೈಯುವವರಿಗೇ ಗೊತ್ತು.

ಮುಂದಿನ ವರ್ಷ ಅದೇ ಬಟ್ಟೆ, ಅದೇ ತುಂಡುಗಳು, ಎರಡನೆಯ ಪ್ರಯತ್ನ. ಈ ಸಲ ಕೋಟಿನ ಎದೆ ನೆಟ್ಟಗೆ ನಿಲ್ಲಲೆಂದು ಒಳಗೆ ಒರಟು ಕ್ಯಾನ್ವಾಸು ಕೂರಿಸುವವರೆಗೆ ಬಂದಿದ್ದಳು. ಅದಕ್ಕೆ ನೂರಾರು ಸಣ್ಣ ಹೊಲಿಗೆ ಹಾಕಬೇಕು, ಒಂದೂ ಹೊರಗೆ ಕಾಣಬಾರದು. ಬೆರಳಾಡಿಸಿ ನೋಡಿ ಮತ್ತೆ ತಡೆಯಲಾರದೆ, "ಬಹಳ ಚೆನ್ನಾಗಿದೆ ಕಣಮ್ಮ," ಎಂದೆ. ಅವತ್ತು ಮನೆಗೆ ಹೋಗುವಾಗ ಹೆಂಡತಿ ಸುಮ್ಮನೆ ನಡೆಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನಿಂತಳು.

"ಏನ್ರೀ, ಹೋದ ಸಲಾನೂ ನೀವು ಹೊಗಳಿದ ಮಾರನೇ ದಿನಾನೇ ಅಲ್ವಾ ಅದು ಬಿಚ್ಚಿ ಹೋಗಿದ್ದು?"

ಬೆಳಿಗ್ಗೆ ಅಂಗಡಿ ತೆರೆಯುವುದು ಕಾಜಾಳೇ, ಬೀಗದ ಕೈ ಅವಳ ಹತ್ತಿರ ಇರುತ್ತಿತ್ತು. ಮರುದಿನ ಒಂದು ಗಂಟೆ ಮೊದಲೇ ಹೋದೆ. ಬಾಗಿಲು ತೆರೆದಿತ್ತು. ಕಿಟಕಿಯ ಬಳಿ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಮಡಿಲಲ್ಲಿ ಕೋಟು, ಕೈಯಲ್ಲಿ ಸಣ್ಣ ಸೂಜಿ. ನನ್ನನ್ನು ನೋಡಿ ಬೆಚ್ಚಲಿಲ್ಲ. ಆ ನೋಟ ನಾನು ಅದುವರೆಗೆ ಕಾಣದ ನೋಟ. ಬೆಚ್ಚಬೇಕಾದವನು ನೀನು ಎನ್ನುವ ಹಾಗಿತ್ತು.

"ಕೂತ್ಕೊಳ್ಳಿ ಮಾಸ್ಟ್ರೇ. ಕೂಗಾಡ್ಬೇಡಿ. ಚಿಕ್ಕೋಳು ಮಲಗಿದ್ದಾಳೆ."

ಕೂತೆ. ಆ ಕಪ್ಪು ಕೋಟಿನ ಮೂರನೆಯ ಕಾಜಾದ ಬಿಗಿ ಹೊಲಿಗೆ ಯಾರದೆಂದು ಆಗ ತಿಳಿಯಿತು. ಡಾಕ್ಟರಮ್ಮ ಹೇಳಿದ ಕಾವಲಿನವಳು ಇವಳೇ.

"ಯಾಕಮ್ಮ ಬಿಚ್ತೀಯ?" ಎಂದು ಕೇಳಿದೆ, ನನಗೆ ಸಾಧ್ಯವಾದಷ್ಟು ಮೆತ್ತಗೆ.

"ನೀವು ಹೊಗಳಿದ್ರಿ." ಕೈ ನಿಲ್ಲಿಸದೆಯೇ ಹೇಳಿದಳು. "ಅವನೂ ಹಾಗೇ. ಮೊದ್ಲು ಹೊಗಳ್ತಿದ್ದ. ಎಷ್ಟು ಚೆನ್ನಾಗಿ ಬರ್ದಿದ್ದೀಯ, ಎಷ್ಟು ಜಾಣೆ ಅಂತಿದ್ದ. ಆಮೇಲೆ ಒಳಗೆ ಬಾ ಅಂತಿದ್ದ. ಚೆನ್ನಾಗಿ ಮಾಡಿದ್ದು ಯಾವ್ದೂ ಕಣ್ಣಿಗೆ ಬೀಳಬಾರ್ದು. ಬಿದ್ರೆ ಚಿಕ್ಕೋಳಿಗೆ ಕಷ್ಟ. ಅದಕ್ಕೆ ಬಿಚ್ತೀನಿ. ಯಾವತ್ತಿಂದಾನೂ ನಾನೇ ಬಿಚ್ಚೋದು."

"ಅವನು ಸತ್ತು ಹನ್ನೆರಡು ವರ್ಷ ಆಯ್ತಂತೆ. ಕಾಜಾ ಹೇಳಿದ್ಳು."

"ಹಾಗಂತಾರೆ," ಎಂದಳು. ನಂಬಿದ ಹಾಗೆ ಕಾಣಲಿಲ್ಲ.

ನನ್ನ ಒಂದು ಭೇಷ್ ಎಂಥ ಕೆಲಸ ಮಾಡಿತ್ತು ಎಂದು ಯೋಚಿಸುತ್ತ ಮೇಜಿನ ಕಡೆ ನೋಡಿದೆ. ಅಲ್ಲಿ ಬಿಚ್ಚಿದ ನೂಲನ್ನು ಒಂದು ರಟ್ಟಿನ ಚೂರಿಗೆ ಸುತ್ತಿಟ್ಟಿದ್ದಳು. ಎತ್ತಿಕೊಂಡು ನೋಡಿದೆ. ಎಲ್ಲೂ ತುಂಡಾಗಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದೆ. ನೂರಾರು ಹೊಲಿಗೆ ಬಿಚ್ಚಿದ ಜಾಗದಲ್ಲಿ ಒಂದು ತೂತಿಲ್ಲ, ಒಂದೆಳೆ ಎದ್ದಿಲ್ಲ. ಎರಡು ಸಲ ಬಿಚ್ಚಿದ ಬಟ್ಟೆ ಹೊಸದರ ಹಾಗೇ ಇತ್ತು. ಹೊಲಿಯುವವರು ಊರಿಗೆ ನೂರು ಜನ ಸಿಗುತ್ತಾರೆ. ಹೀಗೆ ಬಿಚ್ಚಬಲ್ಲ ಒಬ್ಬರನ್ನೂ ನಾನು ಕಂಡಿರಲಿಲ್ಲ, ನನ್ನ ಗುರುಗಳನ್ನೂ ಸೇರಿಸಿ. ಹಾಳು ಮಾಡುವ ಕೈಯಲ್ಲ ಅದು. ಇಷ್ಟು ವರ್ಷ ಒಂದು ಮಗುವನ್ನು ಕಾಪಾಡಿದ ಕೈ ಬಟ್ಟೆಯನ್ನೂ ನೋಯಿಸದೆ ಕಾಪಾಡಿತ್ತು. ಹೊಗಳಿಕೆ ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿ ಹಿಡಿದೆ.

"ನೂಲು ತುಂಡಾಗಿಲ್ಲ" ಎಂದಷ್ಟೇ ಹೇಳಿದೆ.

"ಬಟ್ಟೆ ಏನ್ ತಪ್ಪು ಮಾಡಿದೆ?" ಎಂದಳು.

"ಇನ್ಮೇಲೆ ನಾನು ಹೊಗಳಲ್ಲ. ಸರಿ ಇದ್ರೆ ಸರಿ ಇದೆ ಅಂತೀನಿ. ತಪ್ಪಿದ್ರೆ ತಪ್ಪಿದೆ ಅಂತೀನಿ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಅದರ ಹಿಂದೆ ಬೇರೇನೂ ಇರಲ್ಲ."

ಅವಳು ಮೊದಲ ಸಲ ಕೈ ನಿಲ್ಲಿಸಿದಳು. "ನೋಡೋಣ," ಎಂದಳು.

ಅಂದಿನಿಂದ ಹಳೆಯ ಕೋಟುಗಳನ್ನು ಬಿಚ್ಚಿ, ಸವೆದ ಮಗ್ಗುಲು ಒಳಗೆ ಹೋಗುವ ಹಾಗೆ ತಿರುಗಿಸುವ ಕೆಲಸವೆಲ್ಲ ಕಾವಲಿನವಳದಾಯಿತು. ಬೇಕಾದಷ್ಟು ಬಿಚ್ಚಲು ಸಿಕ್ಕಿತು, ಯಾರೂ ಬೈಯಲಿಲ್ಲ. ಹೊಗಳದೆ ಇರುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಅದು ಒಬ್ಬರಿಗೆ ಔಷಧಿಯಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಡಾಕ್ಟರಮ್ಮನ ಕೋಣೆಯಲ್ಲಿ ಬೇರೆ ಕೆಲಸ ನಡೆಯುತ್ತಿತ್ತು, ನನಗಿಂತ ಎಷ್ಟೋ ದೊಡ್ಡದು. ಅಲ್ಲಿಂದ ಬಂದ ದಿನ ಕಾಜಾ ಸುಸ್ತಾಗಿ ಸ್ಟೂಲಿನ ಮೇಲೆ ಒರಗಿರುತ್ತಿದ್ದಳು. ಕೆಲವೊಮ್ಮೆ ವಾರಗಟ್ಟಲೆ ಹಿಂದಕ್ಕೆ ಹೋದಳೇನೋ ಅನಿಸುತ್ತಿತ್ತು. ಆದರೆ ಕಾಣೆಯಾಗುವ ಗಂಟೆಗಳು ಕಡಿಮೆಯಾಗುತ್ತ ಬಂದವು. ಒಂದು ದಿನ, "ನಿನ್ನೆ ಅವಳು ಬಿಚ್ತಾ ಇದ್ದಾಗ ನಾನೂ ಹಿಂದೆ ನಿಂತು ನೋಡ್ತಿದ್ದೆ ಮಾಸ್ಟ್ರೇ," ಎಂದಳು, ಪಕ್ಕದ ಮನೆಯವರ ಸುದ್ದಿ ಹೇಳುವಷ್ಟು ಸಲೀಸಾಗಿ. ಇನ್ನೊಂದು ದಿನ, ಡಾಕ್ಟರಮ್ಮ ಕಾವಲಿನವಳಿಗೆ ಆ ಸತ್ತವನ ಸಮಾಧಿಯ ಫೋಟೋ ತೋರಿಸಿದರೆಂದೂ, ಅವಳು ಒಂದು ಗಂಟೆ ಅದನ್ನೇ ನೋಡಿದಳೆಂದೂ ಹೇಳಿದಳು.

ಎಂಟನೆಯ ವರ್ಷ ಅವಳೇ ಬಂದು ಕೇಳಿದಳು. "ಇನ್ನೊಂದ್ ಸಲ ಶುರು ಮಾಡ್ಲಾ ಮಾಸ್ಟ್ರೇ?"

ಮಾಡು ಎಂದೆ, ಆದರೆ ನನಗೊಂದು ಚಿಂತೆ ಹತ್ತಿತು. ಕಟ್ಟಳೆ ಒಬ್ಬರದೇ ಕೈ ಎನ್ನುತ್ತದೆ. ನಾಲ್ಕು ಕೈ ಮುಟ್ಟಿದ ಕೋಟನ್ನು ಹೇಗೆ ಒಪ್ಪಲಿ? ಮನೆಯಲ್ಲಿ ಈ ಮಾತೆತ್ತಿದಾಗ ಹೆಂಡತಿ ನನ್ನನ್ನು ಬೆಪ್ಪನನ್ನು ನೋಡುವ ಹಾಗೆ ನೋಡಿದಳು. "ಇರೋದು ಒಬ್ಬರೇ ಮನುಷ್ಯರು ಅಂತ ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲ. ಆವಾಗ ನಿಮ್ಮ ಕಿವಿ ಎಲ್ಲಿತ್ತು?"

ಎಪ್ಪತ್ತೊಂದು ದಿನ ಹಿಡಿಯಿತು. ನಾನು ಆ ಕಡೆ ತಲೆ ಹಾಕಲಿಲ್ಲ. ಎಪ್ಪತ್ತೆರಡನೆಯ ದಿನ ಬೆಳಿಗ್ಗೆ ಹೋದಾಗ ಕೋಟು ಗೊಂಬೆಯ ಮೇಲಿತ್ತು, ಇಡಿಯಾಗಿ. ಅವಳು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ಯಾರು ಕೂತಿದ್ದಾರೆಂದು ನನಗೆ ಹೇಳಲಾಗಲಿಲ್ಲ, ಎಲ್ಲರೂ ಕೂತಿದ್ದರೇನೋ.

ಪರೀಕ್ಷೆ ಎಂದರೆ ಪರೀಕ್ಷೆಯೇ. ಕೋಟನ್ನು ಒಳಹೊರಗು ಮಾಡಿ, ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ನೋಡಿದೆ. ಕಾಜಾಳ ನಿಧಾನದ ಹೊಲಿಗೆ ಎಲ್ಲಿ ನಿಂತಿದೆ, ಎಡಗೈಯವಳ ಸರಾಗ ಎಲ್ಲಿಂದ ಶುರುವಾಗಿದೆ, ಕಾವಲಿನವಳ ಬಿಗಿ ಎಲ್ಲೆಲ್ಲಿದೆ, ಎಲ್ಲ ತಿಳಿಯುತ್ತಿತ್ತು. ಆದರೆ ಒಂದು ಇನ್ನೊಂದಕ್ಕೆ ಸೇರುವ ಜಾಗದಲ್ಲಿ ಎಲ್ಲೂ ಜಗ್ಗಾಟವಿರಲಿಲ್ಲ. ಭಾರ ಬೀಳುವ ಭುಜದಲ್ಲಿ ಬಿಗಿ ಕೈ, ಮೈ ಆಡುವ ಬೆನ್ನಿನಲ್ಲಿ ಸಡಿಲ ಕೈ. ಒಬ್ಬನೇ ಹೊಲಿದರೆ ಎಲ್ಲ ಕಡೆ ಒಂದೇ ಬಿಗಿ ಬೀಳುತ್ತದೆ. ಈ ಕೋಟಿಗೆ ಎಲ್ಲಿ ಯಾವ ಕೈ ಬೇಕೋ ಅಲ್ಲಿ ಆ ಕೈ ಬಂದಿತ್ತು. ನನ್ನ ಕಸುಬಿನಲ್ಲಿ ನಾನು ಕಲಿತೆ ಎಂದುಕೊಂಡದ್ದೆಲ್ಲ ಆ ಹೊತ್ತಿನಲ್ಲಿ ಸಣ್ಣದಾಗಿ ಕಂಡಿತು.

ಆಮೇಲೆ ಎಡಗಡೆ, ಪಕ್ಕೆಲುಬಿನ ಜಾಗದಲ್ಲಿ, ಲೈನಿಂಗಿನ ಮೇಲೆ ಕಣ್ಣು ನಿಂತಿತು. ಏಳು ಹೊಲಿಗೆ. ಸೊಟ್ಟ, ಒಂದು ಉದ್ದ ಒಂದು ಗಿಡ್ಡ, ಕೊನೆಯಲ್ಲಿ ಬಟಾಣಿಯಷ್ಟು ದಪ್ಪ ಗಂಟು. ಕಲಿಯುವ ಮಕ್ಕಳು ಮೊದಲ ದಿನ ಹಾಕುವಂಥದ್ದು. ಬೇರೆ ಯಾರ ಕೋಟಿನಲ್ಲಾಗಿದ್ದರೂ ಆ ಒಂದೇ ಜಾಗಕ್ಕೆ ನಾಪಾಸು ಮಾಡುತ್ತಿದ್ದೆ.

"ಇಲ್ಲಿ ತಪ್ಪಿದೆ" ಎಂದೆ. ಕೊಟ್ಟ ಮಾತು ಮಾತೇ.

ಸ್ಟೂಲಿನ ಮೇಲೆ ಬೆನ್ನು ನೆಟ್ಟಗಾಯಿತು. "ಗೊತ್ತು" ಎಂದಳು ಕಾವಲಿನವಳು.

"ನಿನ್ನ ಕಣ್ಣಿಗೆ ಬಿದ್ದೂ ಉಳೀತಾ ಇದು? ಯಾಕಮ್ಮ ಬಿಚ್ಚಲಿಲ್ಲ?"

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಚಿಕ್ಕೋಳು ಹಾಕಿದ್ದು," ಎಂದಳು. "ಸೂಜಿ ಕೊಡು, ನಂಗೂ ಬೇಕು ಅಂದ್ಳು. ಹಾಡುಹಗಲಲ್ಲಿ, ಕಿಟಕಿ ಮುಂದೆ ಕೂತು, ಎಲ್ಲರಿಗೂ ಕಾಣೋ ಹಾಗೆ ಹಾಕಿದ್ಳು ಮಾಸ್ಟ್ರೇ. ಬಾಗಿಲ ಕಡೆ ಒಂದ್ ಸಲಾನೂ ನೋಡ್ಲಿಲ್ಲ. ಬಿಚ್ಚೋಣ ಅಂತ ನಾಲ್ಕು ಸಲ ಸೂಜಿ ತಗೊಂಡೆ. ಕೈ ಬರ್ಲಿಲ್ಲ."

ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತೆ. ಕೌಂಟರಿನಲ್ಲಿ ನನ್ನ ಹೆಂಡತಿ ನೆಪವನ್ನೂ ಹುಡುಕದೆ ಅಳುತ್ತಿದ್ದಳು. ಹೊಗಳುವಂತಿಲ್ಲ, ಮತ್ತೆ ತಪ್ಪು ಎನ್ನಲು ಮನಸ್ಸಿಲ್ಲ. ಕೋಟನ್ನು ಸರಿಮಾಡಿ ತೊಟ್ಟುಕೊಂಡೆ. ಮೂರೂ ಗುಂಡಿ ಹಾಕಿ, ತೋಳು ಎಳೆದುಕೊಂಡು, ಕನ್ನಡಿಯ ಮುಂದೆ ನಿಂತೆ. ಅದು ಮೈಮೇಲೆ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ, ಆ ಒಂದು ಗಂಟು ಬಿಟ್ಟರೆ. ಅದು ಶರಟಿನ ಮೂಲಕ ಪಕ್ಕೆಗೆ ಸರಿಯಾಗಿ ಒತ್ತುತ್ತಿತ್ತು.

ಕನ್ನಡಿಯಲ್ಲಿ ನನ್ನ ಹಿಂದೆ ಅವಳು ಕಂಡಳು. ಸ್ಟೂಲಿನಿಂದ ಇಳಿದು ನಿಂತಿದ್ದಳು, ಪಾದಗಳನ್ನು ಒಳಮುಖ ಮಾಡಿ, ಒಂದು ಕೈಯಿಂದ ಇನ್ನೊಂದು ಕೈಯ ಬೆರಳು ಹಿಡಿದುಕೊಂಡು.

"ಚುಚ್ಚುತ್ತಾ?" ಎಂದು ಕೇಳಿದಳು. ಮೇಜಿನ ಕೆಳಗಿನಿಂದ ಅಂದು ಬಂದಿದ್ದ ದನಿ.

ಇಲ್ಲ ಎನ್ನುವುದು ಸುಲಭವಾಗಿತ್ತು. ಆದರೆ ಆ ಮಗುವಿಗೆ ದೊಡ್ಡವರು ಹೇಳಿದ ಸುಳ್ಳು ಸಾಕಷ್ಟಾಗಿತ್ತು.

"ಹೂಂ ಪುಟ್ಟಿ, ಸ್ವಲ್ಪ ಚುಚ್ಚುತ್ತೆ," ಎಂದೆ. "ಇರ್ಲಿ ಬಿಡು. ಈ ಚಳಿಗಾಲ ಪೂರ್ತಿ ಹಾಕ್ಕೋತೀನಿ."

ಅವಳು ಯೋಚಿಸಿದಳು. ಆಮೇಲೆ ತಾನಾಗಿಯೇ ನಾಲ್ಕು ಹೆಜ್ಜೆ ಮುಂದೆ ಬಂದಳು. ಎಂಟು ವರ್ಷದಲ್ಲಿ ಆ ಚಿಕ್ಕವಳು ನನ್ನ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ನಾನು ಕೈಗಳನ್ನು ಕೆಳಗಿಟ್ಟುಕೊಂಡು, ಗೊಂಬೆಯ ಹಾಗೆ ನಿಂತೆ. ಅವಳು ಒಂದು ಬೆರಳು ಚಾಚಿ, ಕೋಟಿನ ಮೇಲಿಂದಲೇ ಆ ಗಂಟನ್ನು ಹುಡುಕಿ ಒತ್ತಿ ನೋಡಿದಳು.

"ಗಂಟು ದೊಡ್ಡದಾಯ್ತು," ಎಂದಳು. "ಮುಂದಿನ ಸಲ ಚಿಕ್ಕದು ಹಾಕ್ತೀನಿ."